ನೀರಿನ ಟ್ಯಾಂಕಿನ ಏರಿನಲ್ಲಿ ಅತ್ತೆ ಮತ್ತು ಸೊಸೆ

ಗ್ಯಾರೇಜಿನ ಮೇಲಿನ ಕೋಣೆಯಿಂದ,
ಮೇ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊದಲು ಮೊಣಕಾಲಿನ ವಿಷಯ ಹೇಳು. ಹೊಲಿಗೆ ಯಂತ್ರ ತುಳಿದೂ ತುಳಿದೂ ಬಲಗಾಲು ಊದಿಕೊಳ್ಳುತ್ತಿದೆ ಎಂದು ಹೋದ ಪತ್ರದಲ್ಲಿ ಒಂದೇ ಒಂದು ಸಾಲು ಬರೆದು, ರಾಜನ ಪಾತ್ರದವನ ಹೊಟ್ಟೆ ಬೆಳೆದು ನಿಲುವಂಗಿ ಬಿಚ್ಚಿ ಹೊಲಿದ ಕಥೆಗೆ ಎರಡು ಪುಟ ಕೊಟ್ಟಿದ್ದೀಯಲ್ಲ, ಇದು ಯಾವ ನ್ಯಾಯ? ರಾಜನ ಹೊಟ್ಟೆಗಿಂತ ನಿನ್ನ ಕಾಲು ದೊಡ್ಡದು. ನಾಟಕ ಕಂಪನಿಯ ಯಜಮಾನರಿಗೆ ಹೇಳು, ಯಂತ್ರಕ್ಕೆ ಮೋಟಾರು ಹಾಕಿಸಿಕೊಡಲಿ. ಕೇಳದೆ ಯಾರೂ ಕೊಡುವುದಿಲ್ಲ. ಅದು ಉಪಕಾರವಲ್ಲ, ದುಡಿಯುವವರ ಹಕ್ಕು. ಶುರುವಾಯಿತು ಇವಳ ಭಾಷಣ ಎಂದು ನೀನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಗುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ನಗು. ಆದರೆ ಕೇಳು. ನಾನು ಚೆನ್ನಾಗಿದ್ದೇನೆ. ಅಪ್ಪನೂ ಚೆನ್ನಾಗಿದ್ದಾರೆ, ಅಂದರೆ ಊಟ ನಿದ್ದೆ ಎಲ್ಲ ಸರಿಯಾಗಿದೆ. ಉಳಿದದ್ದನ್ನು ಮುಂದೆ ಬರೆಯುತ್ತೇನೆ, ಗಾಬರಿಯಾಗುವಂಥದ್ದೇನಲ್ಲ. ಈ ಪತ್ರ ನಿಮ್ಮ ಮುಂದಿನ ಮೊಕ್ಕಾಮಿಗೆ ನಿನಗಿಂತ ಮೊದಲೇ ಹೋಗಿ ಕಾದಿರಲಿ ಎಂದು ಎದ್ದ ಕೂಡಲೇ ಕೂತಿದ್ದೇನೆ. ಅಕ್ಷರ ಕುಣಿಯುತ್ತಿದ್ದರೆ ಕ್ಷಮಿಸು. ನಾನೇ ಕುಣಿಯುತ್ತಿದ್ದೇನೆ.

ಈ ವಾರ ನಮ್ಮಲ್ಲಿ ಏನೆಲ್ಲ ಆಯಿತು ಗೊತ್ತೇ! ಶೆಡ್ಡಿನ ಮಾಲೀಕರು ಹಿಂದಿನ ಅರ್ಧ ಭಾಗ ತಮಗೇ ಬೇಕೆಂದು ಗೋಡೆ ಎಬ್ಬಿಸಲು ಇಟ್ಟಿಗೆ ತಂದು ಸುರಿಸಿದ್ದಾರೆ. ಉಳಿದರ್ಧದಲ್ಲಿ ಗಿರಾಕಿಗಳ ಗಾಡಿಗೆ ಜಾಗ ಬಿಟ್ಟರೆ ನಮ್ಮದೆನ್ನುವುದು ಒಂದೇ ಕಾರು ನಿಲ್ಲಬಹುದು. ಅತ್ತೆಯೋ, ಸೊಸೆಯೋ. ಮದುವೆಯಾಗಿ ಬಂದ ಹೊಸದರಲ್ಲಿ ನೀನೇ ಇಟ್ಟ ಹೆಸರುಗಳು ಇವು. ತಾತ ಬಾಡಿಗೆಗೆ ಓಡಿಸುತ್ತಿದ್ದ ಆ ಕಪ್ಪು, ದಪ್ಪ, ನಾಲ್ಕು ಬಾಗಿಲಿನ ಗಂಭೀರ ಕಾರು ಅತ್ತೆ. ಅಪ್ಪ ಗುಜರಿಯಿಂದ ಎಳೆದು ತಂದು, ಒಂದೊಂದೇ ಭಾಗ ಕೂಡಿಸಿ ಜೀವ ಕೊಟ್ಟ ಆ ಕೆಂಪು, ಗಿಡ್ಡ, ಎರಡು ಬಾಗಿಲಿನ ಚುರುಕು ಕಾರು ಸೊಸೆ. ಒಂದೇ ಸೂರಿನಡಿ ಇಬ್ಬರೂ ಇಷ್ಟು ಕಾಲ ಮೂತಿ ತಿರುಗಿಸದೆ ಇದ್ದದ್ದೇ ನಮ್ಮ ಮನೆಯ ಸಾಧನೆ ಎಂದು ನೀನು ಬಂದವರಿಗೆಲ್ಲ ಹೇಳುತ್ತಿದ್ದೆ.

ಇಟ್ಟಿಗೆ ಬಿದ್ದ ಮರುದಿನವೇ ಸ್ಟೇಷನ್ ರಸ್ತೆಯ ಹೊಸ ಹೋಟೆಲಿನ ಯಜಮಾನರು ಬಂದರು. ಅವರಿಗೆ ಹೋಟೆಲಿನ ಹಜಾರದಲ್ಲಿ ನಿಲ್ಲಿಸಲು ಒಂದು ಹಳೇ ಕಾರು ಬೇಕಂತೆ. ಸುತ್ತ ಹಗ್ಗ ಕಟ್ಟುತ್ತಾರಂತೆ. ಬಂದವರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬೇಕಂತೆ. ಸೊಸೆಯ ಬಾನೆಟ್ ಮೇಲೆ ಉಂಗುರದ ಬೆರಳಿನಿಂದ ಟಕ್ ಟಕ್ ಎಂದು ಬಡಿದು ಅವರು ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ: "ಈ ಕೆಂಪು ನಮ್ಮ ಪರದೆಗೆ ಚೆನ್ನಾಗಿ ಹೊಂದುತ್ತೆ. ಇಂಜಿನ್ ನಮಗೇನೂ ಬೇಡ, ಬೇಕಾದ್ರೆ ಬಿಚ್ಚಿ ಇಟ್ಕೊಳ್ಳಿ. ಆ ಜಾಗದಲ್ಲಿ ಹೂಕುಂಡ ಇಡ್ತೀವಿ." ಅಮ್ಮಾ, ಹೂಕುಂಡ! ನನ್ನ ರಕ್ತ ಕುದಿಯಿತು. ಓಡುವ ಯಂತ್ರದ ಎದೆ ಬಗೆದು ಹೂ ಇಡುವುದಕ್ಕೂ ಶವಕ್ಕೆ ಸಿಂಗಾರ ಮಾಡುವುದಕ್ಕೂ ಏನು ವ್ಯತ್ಯಾಸ? ಅದನ್ನು ಎರಕ ಹೊಯ್ದವರು, ಕಡೆದವರು, ಕೂಡಿಸಿದವರು ಪರದೆಗೆ ಹೊಂದಲಿ ಎಂದು ಬೆವರು ಸುರಿಸಿದರೇ? ಯಂತ್ರ ಎಂದರೆ ಕೂಡಿಟ್ಟ ಶ್ರಮ. ಅದನ್ನು ದುಡಿಸಬೇಕು, ಇಲ್ಲವೇ ಬಿಚ್ಚಿ ಇನ್ನೊಂದಕ್ಕೆ ಜೀವ ಕೊಡಬೇಕು. ನಾನು ಇಷ್ಟನ್ನೂ ಅವರಿಗೆ ನಿಂತ ನಿಲುವಿನಲ್ಲೇ ಹೇಳಿದೆ. ಅವರು ಅಪ್ಪನ ಕಡೆ ತಿರುಗಿ, "ಮಗಳು ಕಾಲೇಜಾ?" ಎಂದರು. ಅಪ್ಪ, "ಇಲ್ಲ ಸಾರ್, ಕರಪತ್ರ" ಎಂದರು.

ಆದರೆ ಅವರು ಹೋದ ಮೇಲೆ ಅಪ್ಪ ಅಂದ ಮಾತಿಗೆ ನಾನು ಕಲ್ಲಾಗಿಬಿಟ್ಟೆ. "ಸೊಸೆನೇ ಹೋಗ್ಲಿ ಬಿಡು. ಕೆಟ್ಟೋಗಿದಾಳೆ. ಎಷ್ಟು ಹೊಂದಿಸಿದ್ರೂ ನಿಲ್ತಿಲ್ಲ. ಇಂಜಿನ್ ಸವೆದಿದೆ." ಹೇಳುವಾಗ ನನ್ನ ಮುಖ ನೋಡಲಿಲ್ಲ, ಟಯರು ನೋಡುತ್ತಿದ್ದರು. ಸೊಸೆಯನ್ನು ಅಪ್ಪ ಬಿಟ್ಟುಕೊಡುವುದು ಎಂದರೇನು! ಶನಿವಾರ ಬಂದು ಉತ್ತರ ಕೇಳುತ್ತೇನೆಂದು ಹೋಟೆಲಿನವರು ಹೇಳಿ ಹೋಗಿದ್ದರು. ನಾನು ಸ್ಪ್ಯಾನರ್ ಕೆಳಗಿಟ್ಟು, ವಿಚಾರಣೆ ಇಲ್ಲದೆ ಶಿಕ್ಷೆ ಕೂಡದು, ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗೋಣ, ಓಟದಲ್ಲೂ ಆರೈಕೆಯಲ್ಲೂ ಯಾರು ಮೇಲೋ ಅವರು ಉಳಿಯಲಿ ಎಂದೆ. ಅಪ್ಪ ಕೈಮುಗಿದು, "ಆಯ್ತು ತಾಯಿ, ನಿನ್ನ ಕೋರ್ಟೇ ಕೂರ್ಲಿ" ಎಂದರು.

ನಿಯಮಗಳನ್ನು ನಾನೇ ಮಾಡಿದೆ. ಒಂದೇ ರಸ್ತೆ: ನಮ್ಮ ಬೀದಿಯ ತುದಿಯಿಂದ ನೀರಿನ ಟ್ಯಾಂಕಿನ ಗುಡ್ಡದ ಏರು. ಒಂದೇ ಭಾರ: ಹಿಂದಿನ ಸೀಟಿನಲ್ಲಿ ಅದೇ ಮರಳಿನ ಚೀಲಗಳು. ಪೆಟ್ರೋಲ್ ಟ್ಯಾಂಕಿನಿಂದಲ್ಲ, ಬಾನೆಟ್ ಪಕ್ಕ ತೂಗುಹಾಕಿದ ಗಾಜಿನ ಬಾಟಲಿಯಿಂದ. ಬಾಟಲಿ ಎಲ್ಲಿ ಬರಿದಾಗುತ್ತದೋ ಅಲ್ಲಿ ರಸ್ತೆಗೆ ಸೀಮೆಸುಣ್ಣದ ಗೆರೆ. ಒಬ್ಬರೇ ಚಾಲಕರು: ಅಪ್ಪ. ಎರಡನ್ನೂ ಓಟಕ್ಕೆ ಮುಂಚೆ ಹೊಂದಿಸುವವರೂ ಅಪ್ಪನೇ. ಕೈ ಬದಲಾದರೆ ತೀರ್ಪು ಬದಲಾಗುತ್ತದೆ, ಅದಕ್ಕೇ ಒಂದೇ ಕೈ ಎಂದುಕೊಂಡೆ. ಈ ನಿಯಮ ಮಾಡಿದಾಗ ನನಗೆ ನನ್ನ ಮೇಲೆಯೇ ಎಷ್ಟು ಹೆಮ್ಮೆಯಾಗಿತ್ತೆಂದರೆ, ಅದರಲ್ಲೇ ಎಡವಟ್ಟು ಕೂತಿದೆ ಎಂದು ಹೊಳೆಯಲೇ ಇಲ್ಲ.

ಮೊದಲು ಅತ್ತೆ. ಅಮ್ಮಾ, ಅತ್ತೆ ಹೊರಡುವುದೆಂದರೆ ಮನೆಯ ಹಿರಿಯರು ಎದ್ದು ನಿಂತಂತೆ. ಒಂದು ಕೆಮ್ಮು, ಒಂದು ನಿಟ್ಟುಸಿರು, ಆಮೇಲೆ ಗುಡುಗುಡು ಎಂದು ಹೊಟ್ಟೆಯೊಳಗಿನ ಮಾತು. ಗೇರು ಹಾಕುವುದಕ್ಕೆ ಸ್ಟೀರಿಂಗಿನ ಪಕ್ಕದ ಕೋಲನ್ನು ಮೇಲೆತ್ತಿ ಎಳೆಯಬೇಕು, ಬಾವಿಯಿಂದ ಕೊಡ ಸೇದಿದ ಹಾಗೆ. ಏರಿನಲ್ಲಿ ನಮ್ಮನ್ನು ಸೈಕಲ್ಲಿನವನೊಬ್ಬ ದಾಟಿ ಹೋಗಿ, ತಿರುಗಿ ನೋಡಿ ಕನಿಕರಪಟ್ಟ. ತಿರುವಿನಲ್ಲಿ ಇಡೀ ರಸ್ತೆ ಬೇಕು ಅವಳಿಗೆ. ಆದರೆ ಏದುಸಿರಿಲ್ಲ, ನೀರು ಕುದಿಯುವುದಿಲ್ಲ, ಎಲ್ಲಿ ನಿಲ್ಲಿಸಿದರೂ ಅಲ್ಲಿಂದಲೇ ಮತ್ತೆ ಹತ್ತುತ್ತಾಳೆ. ಬಾಟಲಿ ಸರಿಯಾಗಿ ಟ್ಯಾಂಕಿನ ಗೇಟಿನ ಮುಂದೆ ಬರಿದಾಯಿತು. ಅಷ್ಟು ದೊಡ್ಡ ಮೈಗೆ ಇದು ಮಿತಾಹಾರವೇ. ಗೆರೆ ಎಳೆದೆ.

ಆಮೇಲೆ ಸೊಸೆ. ನೆಲಕ್ಕೆ ತಾಗಿದಂತೆ ಕೂತು, ಕೈಯಳತೆಯ ಪುಟ್ಟ ಗೇರು ಹಿಡಿದು, ಅಪ್ಪ ಹೊರಟರು. ನಾನು ಉಸಿರು ಬಿಗಿಹಿಡಿದೆ, ಈಗ ಹಾರುತ್ತಾಳೆ, ಈಗ ಹಾರುತ್ತಾಳೆ. ಹಾರಲಿಲ್ಲ ಅಮ್ಮಾ. ಎರಡು ಹೆಜ್ಜೆ ಜಿಗಿದು ಒಂದು ಹೆಜ್ಜೆ ತಡವರಿಸುವುದು, ಮತ್ತೆ ಜಿಗಿಯುವುದು, ಮತ್ತೆ ಬಿಕ್ಕುವುದು. ಇಟ್ಟಿಗೆ ಗೂಡಿನ ಹತ್ತಿರವೇ ಬಾಟಲಿ ಖಾಲಿ. ಅತ್ತೆಯ ಅರ್ಧ ತೂಕದವಳು ಅತ್ತೆಗಿಂತ ಮೊದಲೇ ತಟ್ಟೆ ಬರಿದು ಮಾಡಿದಳು! ಅಪ್ಪ ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು, "ನೋಡಿದ್ಯಾ? ನಿನ್ನ ಕೋರ್ಟೂ ಅದನ್ನೇ ಹೇಳ್ತು" ಎಂದರು. ಗೆದ್ದವರ ದನಿ ಅದಾಗಿರಲಿಲ್ಲ.

ಆರೈಕೆಯ ವಿಚಾರಣೆಯಲ್ಲೂ ಸೊಸೆಗೆ ಸೋಲೇ. ನಾನು ಪಕ್ಷಪಾತ ಮಾಡಲಿಲ್ಲ. ಅತ್ತೆಯ ಬಾನೆಟ್ ಎತ್ತಿದರೆ ಒಳಗೆ ನಿಂತು ಕೆಲಸ ಮಾಡುವಷ್ಟು ಜಾಗ. ಕೈ ತುಂಬದಷ್ಟು ಸ್ಪ್ಯಾನರಿನಲ್ಲಿ ಇಡೀ ಇಂಜಿನ್ ಬಿಚ್ಚಬಹುದು. ಅವಳು ಕೇಳುವುದು ಗ್ರೀಸು ಮಾತ್ರ, ಆದರೆ ಎಲ್ಲೆಲ್ಲಿ ಕೇಳುತ್ತಾಳೆಂದರೆ, ಕೆಳಗೆ ಮಲಗಿ ಒಂದೊಂದು ಕೀಲಿಗೂ ತುಂಬಿಸಿ ಎದ್ದರೆ ನನ್ನ ಮುಖವೇ ಗ್ರೀಸು. ಸೊಸೆಯದ್ದು ಬೇರೆ ಸ್ವಭಾವ. ಸ್ಟಾರ್ಟರ್ ತೆಗೆಯಬೇಕಾದರೆ ಹೊಗೆ ಕೊಳವೆ ಬಿಚ್ಚಬೇಕು, ಅದನ್ನು ಬಿಚ್ಚಬೇಕಾದರೆ ಯಾವತ್ತೂ ಬಿಚ್ಚದ ಒಂದು ಬೋಲ್ಟಿನ ಕಾಲು ಹಿಡಿಯಬೇಕು. ಬಾಗಿಲ ಕೆಳಗಿನ ತಗಡಿಗೆ ತುಕ್ಕು. ಮಳೆ ಹನಿದರೆ ವೈಪರ್ ಓಡುತ್ತದೆ, ಹಾರನ್ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಅತ್ತೆಗೆ ಒಂದು, ಸೊಸೆಗೆ ಎರಡು. ಎರಡೂ ಸಮನಾಗಿ ಗಾಳಿ ಎಳೆಯದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ.

ಸೋತವಳನ್ನು ಬಿಟ್ಟುಬಿಡುವುದು ನನ್ನಿಂದಾಗಲಿಲ್ಲ. ಅಪ್ಪ ಚಹಾಕ್ಕೆ ಹೋದಾಗ ಸೊಸೆಯ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಜೋಡಿಸಿದೆ. ಮುಂದಿನ ಎರಡಕ್ಕೆ ಒಣ ಮಸಿ, ಒಲೆಯ ಮೇಲಿನ ಗೋಡೆಯ ಹಾಗೆ. ಹಿಂದಿನ ಎರಡು ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿವೆ. ಇಂಜಿನ್ ಸವೆದಿದ್ದರೆ ಎಣ್ಣೆ ಮೆತ್ತಿರಬೇಕಿತ್ತು. ಇದು ಮಸಿ. ಅಂದರೆ ಸವೆತವಲ್ಲ, ಮುಂದಿನ ಕಾರ್ಬುರೇಟರ್ ಹೆಚ್ಚು ಕುಡಿಯುತ್ತಿದೆ, ಹಿಂದಿನದು ಉಪವಾಸ. ಅಷ್ಟೇ! ಸಮಾನತೆಯ ಪ್ರಶ್ನೆ! ನನಗೆ ಶೆಡ್ಡಿನ ನಡುವೆ ನಿಂತು ಕೂಗಬೇಕೆನಿಸಿತು. ಅಪ್ಪ ಬಂದ ಕೂಡಲೇ ತೋರಿಸಿದೆ. ಅವರು ಹುಬ್ಬು ಗಂಟಿಕ್ಕಿ, "ನಿನ್ನೆ ತಾನೆ ಸಮ ಮಾಡಿದೀನಲ್ಲ" ಎಂದರು.

ಅಪ್ಪ ಸಮ ಮಾಡುವ ಬಗೆ ನಿನಗೆ ಗೊತ್ತೇ ಇದೆ. ಒಂದು ತುಂಡು ರಬ್ಬರ್ ನಳಿಗೆ. ಒಂದು ತುದಿ ಕಿವಿಯಲ್ಲಿ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಲ್ಲಿ. ಗಾಳಿ ಒಳಗೆ ಹೋಗುವ ಸ್ಸ್ ಎಂಬ ಸಣ್ಣ ಸದ್ದು ಎರಡರಲ್ಲೂ ಒಂದೇ ಆಗುವ ತನಕ ತಿರುಪು ತಿರುಗಿಸುತ್ತಾರೆ. ಅಳೆಯುವ ಉಪಕರಣ ಇಟ್ಟುಕೊಂಡವರೂ ಕೊನೆಗೆ ಅಪ್ಪನ ಕಿವಿಗೇ ಗಾಡಿ ತರುತ್ತಿದ್ದರಲ್ಲವೇ? ನನ್ನೆದುರೇ ಮತ್ತೆ ಕೇಳಿದರು. ಇದಕ್ಕೆ ಒಮ್ಮೆ, ಅದಕ್ಕೆ ಒಮ್ಮೆ. "ಎರಡೂ ಒಂದೇ" ಎಂದು ನಳಿಗೆ ನನ್ನ ಕೈಗಿತ್ತರು. ನಾನು ಕಿವಿಗಿಟ್ಟೆ. ಅಮ್ಮಾ, ಒಂದು ಹಾವಿನ ಹಾಗೆ ಬುಸುಗುಡುತ್ತಿತ್ತು, ಇನ್ನೊಂದು ಮಲಗಿದ ಮಗುವಿನ ಉಸಿರು. ಕುರುಡರಿಗೂ ಕಾಣುವಷ್ಟು ವ್ಯತ್ಯಾಸ ಎಂದು ಬರೆಯಹೊರಟೆ, ಇಲ್ಲಿ ಆ ಮಾತು ಹೊಂದುವುದಿಲ್ಲ.

ನಾನೊಂದು ಕೆಲಸ ಮಾಡಿದೆ. ಅಪ್ಪ ಅತ್ತ ತಿರುಗಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುವಾಗ, ಹಿಂದಿನದರ ತಿರುಪನ್ನು ಬೇಕೆಂದೇ ಇನ್ನಷ್ಟು ಕೆಡಿಸಿದೆ. ಇಂಜಿನ್ ಕುಂಟಿತು. "ಈಗ ನೋಡಿ ಅಪ್ಪಾ" ಎಂದು ನಳಿಗೆ ಕೊಟ್ಟೆ. ಅವರು ಕಣ್ಣುಮುಚ್ಚಿ, ತಲೆ ವಾಲಿಸಿ, ಎಂದಿನ ಅದೇ ಶ್ರದ್ಧೆಯಿಂದ ಆಲಿಸಿದರು. "ಹಾಂ, ಈಗ ಪಕ್ಕಾ ಸಮ" ಎಂದರು.

ಸತ್ಯವನ್ನು ಮುಖಕ್ಕೆ ಹೇಳಬೇಕು, ಎದುರಿಗಿರುವವರು ಯಾರೇ ಆಗಲಿ. ಇದನ್ನು ನಾನು ಎಷ್ಟು ಕರಪತ್ರಗಳಲ್ಲಿ ಓದಿ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೋ ಲೆಕ್ಕವಿಲ್ಲ. ಈಗಲೂ ನಂಬುತ್ತೇನೆ. ಆದರೆ ಅಪ್ಪ ಕಣ್ಣುಮುಚ್ಚಿ ನಿಂತಿದ್ದರಲ್ಲ, ಆ ಮುಖಕ್ಕೆ ಹೇಳುವ ಬಾಯಿ ನನಗೆ ಬರಲಿಲ್ಲ. ಸೊಸೆ ಕೆಟ್ಟಿರಲಿಲ್ಲ ಅಮ್ಮಾ. ಅಪ್ಪನಿಗೆ ಸಣ್ಣ ಸದ್ದುಗಳು ಕೇಳುತ್ತಿಲ್ಲ. ದಪ್ಪ ಸದ್ದು ಚೆನ್ನಾಗಿ ಕೇಳುತ್ತದೆ. ಅದಕ್ಕೇ ಗುಡುಗುಡು ಎನ್ನುವ ಅತ್ತೆಯ ನೋವು ನಲಿವು ಎಲ್ಲ ತಿಳಿಯುತ್ತದೆ, ಪಿಸುಗುಟ್ಟುವ ಸೊಸೆಯದ್ದು ತಿಳಿಯುವುದಿಲ್ಲ. ನನ್ನ ಘನ ನ್ಯಾಯಾಲಯ ಎರಡು ಕಾರುಗಳನ್ನು ತೂಗಲೇ ಇಲ್ಲ, ಒಂದು ಕಿವಿಯನ್ನು ತೂಗಿತು.

ನಾನು ಹೇಳಿದ್ದಿಷ್ಟೆ: "ಅಪ್ಪಾ, ನನಗೂ ಕಲಿಸಿ. ವಿದ್ಯೆ ಒಬ್ಬರ ಸ್ವತ್ತಾಗಬಾರದು." ಅದು ಸುಳ್ಳಲ್ಲ, ನನ್ನ ಸಿದ್ಧಾಂತವೇ. ಅಪ್ಪ ನಳಿಗೆಯನ್ನು ತಾವೇ ನನ್ನ ಕಿವಿಗಿಟ್ಟು, ತಿರುಪುಳಿ ಕೈಗೆ ತೆಗೆದುಕೊಂಡು ಕೂತರು. "ಏನು ಕೇಳ್ತಿದೆ, ಹೇಳು. ಸುಮ್ನೆ ಹೆಚ್ಚು ಕಮ್ಮಿ ಅನ್ಬೇಡ. ಹೆಂಗೆ ಕೇಳ್ತಿದೆ ಹೇಳು." ನಾನು ಹಾವು ಎಂದೆ, ಮಗು ಎಂದೆ. ಅವರು ಕೂದಲೆಳೆಯಷ್ಟು ತಿರುಗಿಸಿದರು. ಕುಕ್ಕರಿನ ಸೀಟಿ ಬರುವ ಮುಂಚಿನ ಸದ್ದು ಎಂದೆ. "ಹಾಂ, ಹತ್ರ ಬಂದ್ವಿ, ಇನ್ನೊಂದು ಕಡೆ?" ಎಂದರು. ಬೆರಳು ಅಪ್ಪನದು, ಕಿವಿ ನನ್ನದು. ಸೀರೆಯ ನೆರಿಗೆ ಬಿಚ್ಚಿದ ಹಾಗೆ, ಚಹಾ ಊದಿದ ಹಾಗೆ, ನಾನು ಬಾಯಿಗೆ ಬಂದದ್ದೆಲ್ಲ ಹೇಳುತ್ತಿದ್ದೆ, ಅವರು ಒಂದಕ್ಕೂ ನಗದೆ ಅದಕ್ಕೆ ತಕ್ಕಷ್ಟೇ ತಿರುಗಿಸುತ್ತಿದ್ದರು. ಕೊನೆಗೆ ಎರಡೂ ಒಂದೇ ಉಸಿರಾದವು. ಹೇಳಬೇಕಾಗಲೇ ಇಲ್ಲ. ಬಾನೆಟ್ ಮೇಲೆ ಅಂಗೈ ಊರಿದ್ದ ಅಪ್ಪನಿಗೆ ನಡುಕ ನಿಂತದ್ದು ಕೈಗೇ ಗೊತ್ತಾಯಿತು. "ಬಂದ್ಲು" ಎಂದರು.

ಮತ್ತೆ ಅದೇ ಏರು, ಅದೇ ಮರಳು, ಅದೇ ಬಾಟಲಿ! ಅಮ್ಮಾ, ಹೇಗೆ ಬರೆಯಲಿ! ಸೊಸೆ ಹೊರಟದ್ದೇ ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಮೊದಲ ತಿರುವಿನಲ್ಲಿ ಅಪ್ಪ ಬ್ರೇಕು ಮುಟ್ಟಲೇ ಇಲ್ಲ, ಸ್ಟೀರಿಂಗನ್ನು ಎರಡು ಬೆರಳಿನಲ್ಲಿ ಹೀಗೆ ತಳ್ಳಿದರು, ರಸ್ತೆಯೇ ಬಂದು ಚಕ್ರದ ಕೆಳಗೆ ಮಡಚಿಕೊಂಡಿತು. ಇಟ್ಟಿಗೆ ಗೂಡು ಬಂತು, ಹೋಯಿತು. ಸೊಸೆ ಹಾಡುತ್ತಿದ್ದಳು, ನಾನು ಕಿರುಚುತ್ತಿದ್ದೆ. ಟ್ಯಾಂಕಿನ ಗೇಟು ಬಂದಾಗ ಬಾಟಲಿಯಲ್ಲಿ ಇನ್ನೂ ಪೆಟ್ರೋಲ್ ಅಲುಗಾಡುತ್ತಿತ್ತು. ಗುಡ್ಡದ ನೆತ್ತಿಯ ಮೇಲೆ, ಊರೆಲ್ಲ ಕಾಣುವ ತಿರುವಿನಲ್ಲಿ, ಅವಳಾಗಿಯೇ ನಿಂತಳು. ಅಲ್ಲಿ ಇಳಿದು ಗೆರೆ ಎಳೆದು ತಲೆಯೆತ್ತಿದರೆ, ಅಪ್ಪ ಕಾರಿನಿಂದಿಳಿಯದೆ ಸ್ಟೀರಿಂಗಿಗೆ ಹಣೆ ಹಚ್ಚಿ ನಗುತ್ತಿದ್ದರು. ಅಪ್ಪ ಸದ್ದಿಲ್ಲದೆ ಮೈ ಕುಲುಕಿಸಿ ನಗುವುದನ್ನು ನೋಡಿ ಎಷ್ಟು ಕಾಲವಾಯಿತು! ಬಾಟಲಿಗೆ ಮತ್ತೆ ಪೆಟ್ರೋಲ್ ತುಂಬಿ, ಗುಡ್ಡ ಇಳಿಯುವಾಗ ಸ್ಟೀರಿಂಗ್ ನನಗೆ ಕೊಟ್ಟರು. ಬೈಗುಳವನ್ನೂ ಧಾರಾಳವಾಗಿ ಕೊಟ್ಟರು: "ಕ್ಲಚ್ ಮೇಲೆ ಕಾಲಿಟ್ಕೊಂಡೇ ಕ್ರಾಂತಿ ಮಾಡ್ತೀಯಾ? ತೆಗಿ ಕಾಲು!"

ಹಾಗಾದರೆ ಅತ್ತೆ ಹೋಟೆಲಿಗೇ ಎಂದು ಕೇಳುತ್ತೀಯಲ್ಲವೇ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವುದನ್ನು ನಾನು ಒಪ್ಪುವುದಿಲ್ಲ, ಇಬ್ಬರಿಗೂ ಒಂದೇ ಕಾಲ ಬರಬೇಕು. ವಿಚಾರಣೆಯಲ್ಲಿ ಅತ್ತೆ ಏನೇನು ಸಾಬೀತು ಮಾಡಿದಳು ನೋಡು: ಭಾರ ಹೊರುತ್ತಾಳೆ, ನಿಂತು ನಿಂತು ಹೊರಟರೂ ಬೇಸರಿಸುವುದಿಲ್ಲ, ಯಾರು ಬೇಕಾದರೂ ನೋಡಿಕೊಳ್ಳಬಹುದು. ಇಂಥವಳು ಯಾರಿಗೆ ಬೇಕು? ಹಿಂದಿನ ಬೀದಿಯ ಲಾಂಡ್ರಿಯ ಹೆಂಗಸರಿಗೆ! ಅವರು ಮಾಲೀಕರನ್ನು ಬಿಟ್ಟು ತಾವೇ ಸಂಘ ಕಟ್ಟಿಕೊಂಡಿರುವುದನ್ನು ನಿನಗೆ ಬರೆದಿದ್ದೆ. ಆಸ್ಪತ್ರೆಯ ಹಾಸಿಗೆ ಬಟ್ಟೆಯ ಗಂಟುಗಳನ್ನು ಇನ್ನೂ ಕೈಗಾಡಿಯಲ್ಲಿ ತಳ್ಳುತ್ತಿದ್ದಾರೆ. ಅವರ ಅಂಗಳಕ್ಕೆ ಒಳ್ಳೆಯ ತಗಡಿನ ಸೂರೂ ಇದೆ. ಓಡಿಹೋಗಿ ಅವರಲ್ಲಿ ಹಿರಿಯರಾದ ದೊಡ್ಡಕ್ಕನನ್ನು ಎಳೆದು ತಂದೆ. ಅಪ್ಪ ಮೊದಲು, "ಅತ್ತೆ ಮೈಲಿಗೆ ಬಟ್ಟೆ ಹೊರ್ಬೇಕಾ!" ಎಂದು ಮುನಿದರು. ದೊಡ್ಡಕ್ಕ ಸೊಂಟಕ್ಕೆ ಕೈಯಿಟ್ಟು, "ಯಾಕಣ್ಣ, ನಾವು ಹೊರ್ತಿಲ್ವಾ? ನಿಮ್ಮತ್ತೆ ನಮಗಿಂತ ಮೇಲಾ?" ಎಂದರು. ಅಪ್ಪ ಅತ್ತೆಯ ಡಿಕ್ಕಿ ತೆರೆದು ಎಷ್ಟು ಗಂಟು ಹಿಡಿಯುತ್ತದೆಂದು ತೋರಿಸತೊಡಗಿದರು. ಅತ್ತೆ ಇನ್ನು ಅವರ ಸೂರಿನಡಿಯೇ ನಿಲ್ಲುತ್ತಾಳೆ, ವಾರಕ್ಕೊಮ್ಮೆ ನಾನು ಹೋಗಿ ಗ್ರೀಸು ತುಂಬುತ್ತೇನೆ, ಅವರಿಗೆ ಓಡಿಸುವುದನ್ನೂ ಕಲಿಸುತ್ತೇನೆ. ಬೇಕಾದಾಗ ನಮಗೂ ಅತ್ತೆ ಸಿಗುತ್ತಾಳೆ.

ನಿನ್ನೆ ಹೋಟೆಲಿನ ಯಜಮಾನರು ಪರದೆಯ ಬಟ್ಟೆಯ ತುಂಡೊಂದನ್ನು ಹಿಡಿದುಕೊಂಡೇ ಬಂದರು. ನಾನು ಗಂಟಲು ಸರಿಮಾಡಿಕೊಂಡು ಸಿದ್ಧಳಾಗಿದ್ದೆ, ಒಳ್ಳೆಯ ಭಾಷಣವನ್ನೇ ಹೊಂದಿಸಿದ್ದೆ. ಅಪ್ಪ ಅವಕಾಶವನ್ನೇ ಕೊಡಲಿಲ್ಲ. ಸೊಸೆಯನ್ನು ಶುರು ಮಾಡಿ, "ನೋಡಿ ಸಾರ್, ಓಡ್ತಿದೆ. ಓಡೋ ಗಾಡಿ ಒಳಗೆ ಹೂಕುಂಡ ನಿಲ್ಲಲ್ಲ" ಎಂದರು. ನನ್ನ ಎರಡು ಪುಟ ಅಪ್ಪನ ಒಂದು ಸಾಲಿನಲ್ಲಿ ಮುಗಿದುಹೋಯಿತು. ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು.

ಅಂಚೆ ಡಬ್ಬಿಗೆ ಹಾಕಿ ಬರುವ ಹೊತ್ತಾಯಿತು. ಕಾಲಿಗೆ ಬಿಸಿನೀರಿನ ಶಾಖ ಕೊಡು, ಮೋಟಾರು ಕೇಳು, ಕೇಳುವಾಗ ತಲೆ ತಗ್ಗಿಸಬೇಡ. ನಿನ್ನ ಜೊತೆ ಹೊಲಿಯುವವರಿಗೆಲ್ಲ ನನ್ನ ವಂದನೆ, ರಾಜನ ಹೊಟ್ಟೆಗೂ. ನಿನ್ನ ಆಶೀರ್ವಾದ ನನ್ನ ತಲೆಯ ಮೇಲಿರಲಿ, ತಲೆಗೆ ಗ್ರೀಸು ಮೆತ್ತಿದ್ದರೂ ಕೈಯಿಡು.

ನಿನ್ನ ಮಗಳು

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ಇದನ್ನು ಬರೆಯಲೇಬೇಕು. ಯಾರಿಗೂ ಹೇಳಬೇಡ ಎಂದು ಅಪ್ಪ ಹೇಳಿದ್ದಾರೆ, ಅದಕ್ಕೇ ಬೇಗ ಬೇಗ ಬರೆಯುತ್ತಿದ್ದೇನೆ. ನೀನು ಫೋನಿನಲ್ಲಿ ನನ್ನನ್ನು ಕೇಳಿದ್ದೆಯಲ್ಲ, "ನಿಮ್ಮಪ್ಪಂಗೆ ನಾನು ಕಂಪನಿಗೆ ಬಂದಿದ್ದು ಸಿಟ್ಟೇನೇ? ಏನು ಹೇಳಿದ್ರೂ ಹೂಂ ಹೂಂ ಅಂದು ನಿನ್ನ ಕೈಗೆ ಕೊಟ್ಬಿಡ್ತಾರೆ" ಎಂದು. ಸಿಟ್ಟಲ್ಲ ಅಮ್ಮಾ. ನಿನ್ನ ದನಿ ಸಣ್ಣದು, ಫೋನಿನಲ್ಲಿ ಇನ್ನೂ ಸಣ್ಣ. ಗುಡ್ಡದ ಮೇಲೆ ಅಪ್ಪ ತಾವಾಗಿಯೇ ಹೇಳಿದರು. ನೀನು ಹೊರಟ ದಿನ ಬಸ್ಸಿನ ಕಿಟಕಿಯಿಂದ ಬಗ್ಗಿ ಏನೋ ಹೇಳಿದೆಯಂತೆ, ಅವರು ತಲೆಯಾಡಿಸಿದರಂತೆ. ಅದೂ ಕೇಳಿಸಿರಲಿಲ್ಲವಂತೆ. ಏನೆಂದಿರಬಹುದು ಎಂದು ಅಂದಿನಿಂದಲೂ ಯೋಚಿಸುತ್ತಿದ್ದಾರೆ. ಕಣ್ಣು ಚೆನ್ನಾಗಿದೆ, ಓದುತ್ತಾರೆ. ಅದನ್ನೇ ಬರೆದು ಕಳಿಸು. ನನ್ನ ಹೆಸರಿಗೆ ಬೇಡ, ಅವರ ಹೆಸರಿಗೆ.